ನಗುವಿನಲ್ಲಿ ಮುಳುಗಿದ ಅರ್ಧ ಮಾತು

ಪತ್ರಿಕೆಯ ಸಿನಿಮಾ ವಿಮರ್ಶಕ ಚಿತ್ರಮಂದಿರದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ವಾರವೇ ಆ ಚಿತ್ರ ಬಿಡುಗಡೆಯಾಯಿತು. ಪುರವಣಿಯ ಸಂಪಾದಕನನ್ನು ಕಚೇರಿಯವರೆಲ್ಲ ಬೆನ್ನ ಹಿಂದೆ ‘ಕತ್ತರಿ’ ಎಂದು ಕರೆಯುತ್ತಿದ್ದರು. ಅವನು ಇಡೀ ಕೋಣೆಯ ಮೇಲೆ ಕಣ್ಣಾಡಿಸಿ, ಕೊನೆಗೆ ಮೂಲೆಯಲ್ಲಿ ಕರಡು ತಿದ್ದುತ್ತಿದ್ದವಳ ಮೇಜಿನ ಮುಂದೆ ಬಂದು ನಿಂತ. ಮೂವರು ಹೆಂಗಸರೇ ಮುಖ್ಯ ಪಾತ್ರದಲ್ಲಿರುವ ಪೋಲಿ ಹಾಸ್ಯದ ಚಿತ್ರವಂತೆ. ಹೆಂಗಸೇ ನೋಡಿ ಬರೆದರೆ ಯಾರೂ ಬೆರಳು ತೋರಿಸುವುದಿಲ್ಲ ಎಂಬುದು ಅವನ ಎಣಿಕೆ. ಚಿತ್ರದ ಬಲ ಒಂದು ಚೌಕದಲ್ಲಿ, ದೌರ್ಬಲ್ಯ ಇನ್ನೊಂದು ಚೌಕದಲ್ಲಿ, ನಡುವೆ ನಾಲ್ಕು ಸಾಲು ಕತೆ, ಅಷ್ಟೇ ಕೆಲಸ ಎಂದ.

ಅವಳಿಗೆ ನಲವತ್ತಾರು ವರ್ಷ. ಇಪ್ಪತ್ತು ವರ್ಷದಿಂದ ಬೇರೆಯವರ ಒತ್ತಕ್ಷರ, ಅಲ್ಪವಿರಾಮಗಳನ್ನು ಸರಿಮಾಡಿದ್ದಳೇ ಹೊರತು ತನ್ನದೆನ್ನುವ ಒಂದು ಸಾಲೂ ಅಚ್ಚಾಗಿರಲಿಲ್ಲ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಅಂಥ ಚಿತ್ರಕ್ಕೆ ಒಬ್ಬಳೇ ಹೋಗಲು ಮುಜುಗರವಾಗಿ ಅತ್ತಿಗೆಯನ್ನು ಕರೆದಳು.

ಈ ಅತ್ತಿಗೆ ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಎರಡು ಚೀಲ ಹಿಡಿದು ನಾದಿನಿಯ ಬಾಗಿಲು ತಟ್ಟಿದ್ದಳು. ಸ್ವಲ್ಪ ದಿನ ಇರುತ್ತೇನೆ ಎಂದವಳು ಅಲ್ಲೇ ಉಳಿದಳು. ಅಣ್ಣ ಶಾಲಾ ಮೇಷ್ಟ್ರು. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ನಾಲ್ಕು ಜನರಲ್ಲಿ ಒಳ್ಳೆಯ ಹೆಸರು. ಅಂಥವನನ್ನು ಏಕೆ ಬಿಟ್ಟೆ ಎಂದು ಬಂಧುಗಳೆಲ್ಲ ಕೇಳಿ ಕೇಳಿ ಸುಸ್ತಾದರು, ಅತ್ತಿಗೆ ತುಟಿ ಬಿಚ್ಚಲಿಲ್ಲ. ನಾದಿನಿ ಕೇಳಲೂ ಇಲ್ಲ. ಒಂದೇ ಮನೆ, ಒಂದೇ ಅಡುಗೆ, ಓದುವ ಕನ್ನಡಕ ಕೂಡ ಒಂದೇ, ಮೊದಲು ಕೈಗೆ ಸಿಕ್ಕವರದ್ದು. ಅತ್ತಿಗೆ ಹೆಂಗಸರ ಒಳಉಡುಪಿನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ದಿನವಿಡೀ ನಿಲ್ಲುವ ಕೆಲಸ. ರಸ್ತೆಯಲ್ಲಿ ಎದುರು ಬರುವ ಹೆಂಗಸು ತಪ್ಪು ಅಳತೆಯದ್ದು ತೊಟ್ಟಿದ್ದರೆ ದೂರದಿಂದಲೇ ಹೇಳಿಬಿಡುತ್ತಿದ್ದಳು. ನಾದಿನಿ ತಲೆ ತಗ್ಗಿಸಿ ನಡೆಯಬೇಕಾಗುತ್ತಿತ್ತು.

ಮಧ್ಯಾಹ್ನದ ಆಟ ಕಿಕ್ಕಿರಿದಿತ್ತು. ಅತ್ತಿಗೆಗೆ ಗೋಡೆಯ ಧ್ವನಿಪೆಟ್ಟಿಗೆಯ ಕೆಳಗಿನ ಕುರ್ಚಿ ಸಿಕ್ಕಿತು, ನಾದಿನಿ ಅವಳ ಪಕ್ಕದಲ್ಲಿ ಕೂತಳು.

ಕತೆ ಹೀಗಿತ್ತು: ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಮೂವರು ಹೆಂಗಸರು. ಮೇಲಿನ ಕೋಣೆಗಳಿಂದ ಬರುವ ಹಾಸಿಗೆ ಹೊದಿಕೆ ನೋಡಿಯೇ ರಾತ್ರಿ ಯಾವ ಕೋಣೆಯಲ್ಲಿ ಏನು ನಡೆಯಿತು, ಎಷ್ಟು ಹೊತ್ತು ನಡೆಯಿತು ಎಂದು ಪತ್ತೇದಾರರಂತೆ ಹೇಳಬಲ್ಲವರು. ಯಾರೋ ಬಿಟ್ಟುಹೋದ ಪೆಟ್ಟಿಗೆ ಸಿಕ್ಕಿ, ಅದರೊಳಗಿನ ಬಟ್ಟೆ ತೊಟ್ಟು ಎರಡು ದಿನ ಅದೇ ಹೋಟೆಲಿನ ಅತಿಥಿಗಳಾಗಿ ಮೆರೆಯುತ್ತಾರೆ. ಮೊದಲ ಅರ್ಧ ಗಂಟೆಯಲ್ಲೇ ಕರಡು ತಿದ್ದುವವಳು ಟಿಪ್ಪಣಿ ಪುಸ್ತಕ ಮುಚ್ಚಿಟ್ಟಳು. ಹೆಂಗಸರು ಬಾಯಿ ತೆರೆದು ಇಂಥ ಮಾತಾಡುವುದನ್ನು ಅವಳು ಬಾವಿಕಟ್ಟೆಯಲ್ಲೋ ಬಾಣಂತಿಯ ಕೋಣೆಯಲ್ಲೋ ಕದ್ದು ಕೇಳಿದ್ದಳು, ಇಷ್ಟು ದೊಡ್ಡ ಪರದೆಯ ಮೇಲೆ ಕೇಳಿರಲಿಲ್ಲ. ಪಕ್ಕದಲ್ಲಿ ಅತ್ತಿಗೆ ಕರವಸ್ತ್ರ ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದಳು.

ಒಂದು ದೃಶ್ಯದಲ್ಲಿ ಮೂವರೂ ಒಳಉಡುಪಿನ ಅಂಗಡಿಗೆ ನುಗ್ಗಿ, ಮಡಿವಂತಿಕೆಯ ಮುದಿ ಮಾರಾಟಗಾರ್ತಿಯನ್ನು ಕಾಡಿ, ಅವಳು ಬಟ್ಟೆಯ ರಾಶಿಯ ಮೇಲೆ ದೊಪ್ಪನೆ ಬೀಳುವಂತೆ ಮಾಡುತ್ತಾರೆ. ನಾದಿನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮರುಕ್ಷಣವೇ ಪಕ್ಕದಲ್ಲಿ ಯಾರಿದ್ದಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಅದಾದ ಸ್ವಲ್ಪ ಹೊತ್ತಿಗೆ ಮೂವರಲ್ಲಿ ನಡುವಿನವಳು ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಕಾಲು ಚಾಚಿ ಕೂತು ಗಂಡನ ವಿಷಯ ತೆಗೆದಳು. “ನನ್ನ ಗಂಡ ಹಾಸಿಗೇಲಿ ಬಸ್ ಡ್ರೈವರ್ ಥರ. ನಾನು ಹತ್ತಿದ್ನೋ ಇಲ್ವೋ ನೋಡೋದೇ ಇಲ್ಲ, ಹೊರಟ್ಬಿಡ್ತಾನೆ.” ಚಿತ್ರಮಂದಿರ ಒಡೆದುಹೋಗುವಂಥ ನಗು. ಅವಳು ಮುಂದೆಯೂ ಏನೋ ಹೇಳಿದಳು, ತುಟಿ ಅಲ್ಲಾಡಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ನಗು ಇಳಿಯುವಷ್ಟರಲ್ಲಿ ಅತ್ತಿಗೆ ಎದ್ದು, ಜನರ ಮೊಣಕಾಲು ದಾಟಿಕೊಂಡು ಹೊರಗೆ ಹೋಗಿದ್ದಳು. ಶೌಚಾಲಯಕ್ಕಿರಬೇಕು ಎಂದುಕೊಂಡಳು ನಾದಿನಿ. ಚಿತ್ರ ಮುಗಿದರೂ ಅವಳು ಬರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ ಕೊನೆಯಲ್ಲಿ ಏನಾಯಿತೆಂದು ಕೇಳಿದಳು. ತೊಟ್ಟಿಯಲ್ಲಿ ಕೂತವಳು ಗಂಡನ ಕ್ಷಮೆ ಕೇಳಿ ಮನೆಗೆ ಮರಳಿದಳು, ಎಲ್ಲರೂ ಸೇರಿ ಕುಣಿದರು ಎಂದಳು ನಾದಿನಿ.

“ಕ್ಷಮೆ ಅವಳು ಕೇಳಿದ್ಲಾ?” ಎಂದಳು ಅತ್ತಿಗೆ, ಬಹಳ ನಿಧಾನವಾಗಿ.

ಅಂಗಡಿಯ ದೃಶ್ಯಕ್ಕೆ ಬೇಸರವಾಯಿತೇ ಎಂದು ನಾದಿನಿ ಅಂಜುತ್ತ ಕೇಳಿದಳು. ಅತ್ತಿಗೆ ಕೈ ಬೀಸಿದಳು. ತಮ್ಮ ಅಂಗಡಿಗೆ ಬರುವವರು ಇದಕ್ಕಿಂತ ಹತ್ತರಷ್ಟು ಕೇಳುತ್ತಾರೆ, ಆದರೆ ಅಂಗಿಯ ಮೇಲಿಂದ ಅಳತೆ ತೆಗೆದದ್ದು ಶುದ್ಧ ಸುಳ್ಳು, ಹಾಗೆ ಯಾರೂ ತೆಗೆಯುವುದಿಲ್ಲ ಎಂದಳು. ಮನೆ ಸಮೀಪಿಸಿದಾಗ ಮುಖ ತಿರುಗಿಸದೆಯೇ ಹೇಳಿದಳು: “ಆ ಬಸ್ಸಿನ ಮಾತು ಆಡಿದ್ಲಲ್ಲ, ಅದನ್ನ ಹೇಳೋಕೆ ನಂಗೆ ಒಂಬತ್ತು ವರ್ಷದಿಂದ ಬಾಯಿ ಬರ್ಲಿಲ್ಲ.”

ನಾದಿನಿಗೆ ತಲೆಬುಡ ತಿಳಿಯಲಿಲ್ಲ. ಅಣ್ಣನಿಗೆ ಅವಸರ ಹೆಚ್ಚು ಎಂದೇ? ಅಷ್ಟಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ? ಒಡಹುಟ್ಟಿದವನ ಇಂಥ ವಿಷಯವನ್ನು ಕೇಳುವುದಾದರೂ ಹೇಗೆ? ಅತ್ತಿಗೆ ಎಂದಿನಂತೆ ತರಕಾರಿ ಹೆಚ್ಚತೊಡಗಿದಳು. ಇವಳು ಹಾಳೆಯ ಮೇಲೆ ಎರಡು ಚೌಕ ಬರೆದು ಸುಮ್ಮನೆ ಕೂತಳು. ಮೂವರು ನಟಿಯರ ಜೊತೆಗಾರಿಕೆ, ನೆಲಮಾಳಿಗೆಯ ಹಬೆ, ಮಾತಿನ ಚುರುಕು ಬಲದ ಕಡೆ ಹೋದವು. ವಾಂತಿಯ ದೃಶ್ಯ ಮೂರು ಸಲ ಬಂದದ್ದು, ಗಂಡಸರೆಲ್ಲ ಬೆಪ್ಪರಾಗಿಯೇ ಇದ್ದದ್ದು, ಎರಡನೆಯ ಭಾಗ ಎಳೆದದ್ದು ದೌರ್ಬಲ್ಯದ ಕಡೆಗೆ. ಬಸ್ಸಿನ ಮಾತನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಮರುದಿನ ಬೆಳಗಿನ ಆಟಕ್ಕೆ ಒಬ್ಬಳೇ ಹೋದಳು. ಹತ್ತು ಹನ್ನೆರಡು ಜನರಿದ್ದರು. ಅತ್ತಿಗೆ ಕೂತಿದ್ದ ಕುರ್ಚಿಯಲ್ಲೇ ಕೂತು ಕಾದಳು. ಸ್ನಾನದ ತೊಟ್ಟಿಯವಳು ಬಸ್ಸಿನ ಮಾತು ಹೇಳಿದಳು. ನಗು ಅಷ್ಟಾಗಿ ಬರಲಿಲ್ಲ. ಮುಂದಿನ ಮಾತು ನೆಟ್ಟಗೆ ಕಿವಿಗೆ ಬಿತ್ತು: “ಇಳೀತೀನಿ ಅಂದ್ರೂ ನಿಲ್ಸಲ್ಲ.”

ಎರಡು ಸಾಲು ಮುಂದೆ ಕೂತಿದ್ದ ಒಬ್ಬ ಗಂಡಸು ಗಟ್ಟಿಯಾಗಿ ನಕ್ಕ. ಪರದೆಯ ಮೇಲೆ ಗೆಳತಿಯರೂ ನಕ್ಕು ನೊರೆ ಎರಚಿದರು. ನಾದಿನಿ ತಲೆ ಎತ್ತಿ ನೋಡಿದಳು, ಮೇಲೇ ಧ್ವನಿಪೆಟ್ಟಿಗೆ; ನಿನ್ನೆ ಅಷ್ಟು ನಗುವಿನ ನಡುವೆಯೂ ಅತ್ತಿಗೆಗೆ ಇದು ಕೇಳಿಸಿತ್ತು. ಹಿಂದಿನ ದಿನ ಆ ಮಾತಿನ ಮೊದಲರ್ಧಕ್ಕೆ ತಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು, ಅತ್ತಿಗೆಯ ಕಿವಿಯ ಪಕ್ಕದಲ್ಲೇ.

ಬರೆಯಲು ಕೂತರೆ ಒಂದೂ ಸರಿಹೋಗಲಿಲ್ಲ. ಆ ಪೋಲಿ ಚಿತ್ರವಲ್ಲದೆ ಬೇರೆ ಯಾರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ ಆ ಚಿತ್ರಕ್ಕೆ ತಾನು ಏನು ಹೇಳಿದೆನೆಂಬುದೇ ಗೊತ್ತಿದ್ದಂತಿರಲಿಲ್ಲ. ಹೇಳಿದವಳನ್ನೇ ಮತ್ತೆ ಬಸ್ಸು ಹತ್ತಿಸಿ ಕುಣಿಸಿತ್ತು. ಮೂರು ಸಲ ಹರಿದು, ಕೊನೆಗೆ ಚಿತ್ರದ ಬಲ ಎಂಬಲ್ಲಿ ಆ ಮಾತನ್ನು ಪೂರ್ತಿ ಬರೆದಳು. ದೌರ್ಬಲ್ಯ ಎಂಬಲ್ಲಿ, ಚಿತ್ರ ಅದನ್ನು ಕೇಳಿಸಿಕೊಳ್ಳಲಿಲ್ಲ, ನಾವೂ ಕೇಳಿಸಿಕೊಳ್ಳಲಿಲ್ಲ ಎಂದು ಬರೆದಳು.

ಕತ್ತರಿ ಓದಿ ಹುಬ್ಬು ಗಂಟಿಕ್ಕಿದ. ಬಸ್ಸಿನ ತನಕ ಇರಲಿ, ಇಳಿಯುವುದು ಬೇಡ ಎಂದು ಗೀಟು ಎಳೆದ. ಕಾರಣ ಕೇಳಿದ್ದಕ್ಕೆ, “ಅದ್ರಲ್ಲಿ ನಗು ಇಲ್ಲ” ಎಂದ.

ಸಂಜೆ ಪುಟದ ಕರಡು ಎಂದಿನಂತೆ ಅವಳ ಮೇಜಿಗೇ ಬಂತು. ಅಂಚಿನಲ್ಲಿ ಒಂದು ಗುರುತು ಹಾಕಿ, ಕತ್ತರಿಸಿದ ಸಾಲನ್ನು ತನ್ನ ಕೈಯಾರೆ ಸೇರಿಸಿ ಅಚ್ಚಿಗೆ ಕಳಿಸಿದಳು.

ಪತ್ರಿಕೆ ಬಂದ ಮೇಲೆ ಕತ್ತರಿ ಎರಡು ದಿನ ಮುಖ ಊದಿಸಿಕೊಂಡಿದ್ದ. ಓದುಗರಿಂದ ಬಂದ ಐದಾರು ಪತ್ರಗಳಲ್ಲಿ ಹೆಚ್ಚಿನವು ಬೈಗುಳ. ಒಬ್ಬರು ಆಟದ ಹೊತ್ತು ಕೇಳಿದ್ದರು. ಅತ್ತಿಗೆ ಬೆಳಿಗ್ಗೆ ಪುರವಣಿ ಓದಿ, ಮಡಚಿ, ಕೆಲಸಕ್ಕೆ ಹೋದಳು.

ರಜೆಯ ದಿನ ಅಣ್ಣ ಫೋನ್ ಮಾಡಿದ. ತಂಗಿಯ ಹೆಸರು ಪೇಪರಿನಲ್ಲಿ ನೋಡಿ ಅವನಿಗೆ ಹೆಮ್ಮೆ. ಶಾಲೆಯಲ್ಲಿ ಎಲ್ಲರಿಗೂ ತೋರಿಸಿದನಂತೆ. ಬಸ್ಸಿನ ಮಾತಿಗೆ ಶಿಕ್ಷಕರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಹೇಳುತ್ತ ಅವನೂ ನಕ್ಕ. ಅದು ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ನಗು, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದವನ ನಗು.

“ಅಣ್ಣಾ, ನಿನ್ ಹತ್ರ ಏನ್ ಮಾತಾಡ್ಬೇಕು ಅಂತ ನಂಗೆ ಗೊತ್ತಾಗ್ತಿಲ್ಲ” ಎಂದಳು. ಅವನು ಏನಾಯಿತು ಎಂದು ಕೇಳುತ್ತಿರುವಾಗಲೇ ಫೋನ್ ಇಟ್ಟುಬಿಟ್ಟಳು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಅವನ ಜೊತೆ ಮಾತು ಬಿಡು ಎಂದು ತಾನು ಯಾವತ್ತೂ ಹೇಳಿಲ್ಲ ಎಂದಳು. ಗೊತ್ತು ಎಂದಳು ನಾದಿನಿ.

“ಮತ್ತೆ ಯಾಕೆ ಇಟ್ಟೆ?”

“ಗೊತ್ತಿಲ್ಲ.”

ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು. ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಇಬ್ಬರೂ ಅದನ್ನು ನೋಡುತ್ತ ಕೂತರು. ಎತ್ತಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ.