ಆರಾಧ್ಯರು ಹಿಡಿದ ಬಾಗಿಲು

ನಾನು ಒಂದು ಬಾಗಿಲು. ಆದರೆ ನನ್ನ ಹಿಂದೆ ಯಾವತ್ತೂ ಮನೆ ಇರಲಿಲ್ಲ, ಮುಂದೆ ಬೀದಿಯೂ ಇರಲಿಲ್ಲ. ನಾನು ನಾಟಕದ ಬಾಗಿಲು. ನಗಬೇಡಿ ಮತ್ತೆ, ನಿಮ್ಮ ಮನೆ ಬಾಗಿಲು ಜನ್ಮದಲ್ಲಿ ಕಾಣದಷ್ಟು ಸಂಸಾರ ನಾನು ಕಂಡಿದ್ದೇನೆ.

ನನ್ನನ್ನು ಮಾಡಿದ್ದು ತುಮಕೂರಿನ ಬಡಗಿ ಮೌನೇಶಾಚಾರರು. ಹಗುರ ಮರದ ಚೌಕಟ್ಟು, ಅದರ ಮೇಲೆ ಎಳೆದು ಮೊಳೆ ಹೊಡೆದ ಗೋಣಿಬಟ್ಟೆ, ಅದಕ್ಕೆ ಸುಣ್ಣ, ಸುಣ್ಣದ ಮೇಲೆ ಕಂದು ಬಣ್ಣ. ಬಣ್ಣ ಆರುವ ಮೊದಲೇ ಬ್ರಷ್ಷಿನಲ್ಲಿ ತೇಗದ ಗೀರುಗಳನ್ನು ಬರೆದರು. ಒಂದೇ ಕೈಯಲ್ಲಿ ಎತ್ತಬಹುದು, ದೂರದಿಂದ ನೋಡಿದರೆ ಮಾತ್ರ ಶ್ಯಾನುಭೋಗರ ಮನೆ ಬಾಗಿಲು. "ನೋಡೋಕೆ ಗಟ್ಟಿ, ಒಳಗೆ ಪೊಳ್ಳು. ಥೇಟ್ ನಿಮ್ಮ ನಾಟಕದ ಗಂಡನ ಥರ" ಅಂತ ಆಚಾರರು ತಿರುಮಲಯ್ಯ ಮೇಷ್ಟ್ರನ್ನು ಕಿಚಾಯಿಸಿದರು.

ತಿರುಮಲಯ್ಯ ಮೇಷ್ಟ್ರು ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸೋರು. ಊರಿನ ಹವ್ಯಾಸಿ ತಂಡಕ್ಕೆ ನಾಟಕ ಬರೆಯೋರೂ ಅವರೇ, ಆಡಿಸೋರೂ ಅವರೇ. ರಾಜರು, ದೇವರು, ಋಷಿಗಳು ಎಲ್ಲ ಅವರಿಗೆ ಸಾಕಾಗಿಹೋಗಿದ್ದರು. "ನಮ್ಮ ನಿಮ್ಮ ಮನೆ ತೋರಿಸೋಣ" ಅನ್ನುತ್ತಿದ್ದರು. ನಮ್ಮ ನಿಮ್ಮ ಮನೆ ಅಂದಮೇಲೆ ಗಂಡ ಹೊರಗಿನಿಂದ ಬರಬೇಕು, ಹೆಂಡತಿ ಒಳಗಿರಬೇಕು, ಹಾಗಾಗಿ ನಾನು ಹುಟ್ಟಿದೆ. ಅವರ ಒಂದೊಂದು ನಾಟಕದಲ್ಲೂ ಕೊನೆಗೆ ಹೆಂಡತಿ ಸಾಯುತ್ತಿದ್ದಳು. ಒಬ್ಬಳಿಗೆ ಕ್ಷಯ, ಒಬ್ಬಳಿಗೆ ಹಿತ್ತಲ ಬಾವಿ, ಇನ್ನೊಬ್ಬಳು ಸುಮ್ಮನೆ ಕಿಟಕಿ ನೋಡುತ್ತಾ ನೋಡುತ್ತಾ. ಮೇಷ್ಟ್ರು ಪಾಪದವರೇ, ಆದರೆ ಅದೇನು ಹಟವೋ ಕಾಣೆ.

ಮೊದಮೊದಲು ಆ ಹೆಂಡತಿಯರೆಲ್ಲ ತಂತಿ ಆಫೀಸಿನ ಸೀನಪ್ಪನೇ. ಮೀಸೆ ಬೋಳಿಸಿ, ಸೆರಗು ಹೊದ್ದು, ನನಗೆ ಒರಗಿ ಅವನು ಬಿಕ್ಕಿದರೆ ಹೆಂಗಸರ ಸಾಲಿನಲ್ಲಿ ಮೂಗೊರೆಸುವ ಸದ್ದು ಕೇಳುತ್ತಿತ್ತು. ನಾಟಕ ಮುಗಿದ ಮೇಲೆ ಸೀರೆ ಬಿಚ್ಚಿ, ಬೀಡಿ ಹಚ್ಚಿ, "ಅಬ್ಬ, ಹೆಂಗಸಾಗೋದು ಸಾಕಪ್ಪ" ಅನ್ನುತ್ತಿದ್ದ. ಅವನಿಗೆ ಬಿಚ್ಚಿಡೋಕೆ ಆಗುತ್ತಿತ್ತು, ಅದು ಅವನ ಪುಣ್ಯ.

ನಾಟಕವಿಲ್ಲದ ತಿಂಗಳುಗಳಲ್ಲಿ ನಾನು ಸಭಾಭವನದ ಹಿಂದಿನ ಕೋಣೆಯಲ್ಲಿ ಗೋಡೆಗೊರಗಿ ತೂಕಡಿಸುತ್ತಿದ್ದೆ. ಎದುರಿಗೆ ನದಿ ಬರೆದ ಹಳೇ ಪರದೆ ಒಂದು ನೇತಾಡುತ್ತಿತ್ತು. ಗಾಳಿ ಬಂದರೆ ಆ ನದಿ ಮೆಲ್ಲಗೆ ಹರಿಯುವುದು. ಅರೆನಿದ್ದೆಯಲ್ಲಿ ನನಗೆ ಕಾಣುತ್ತಿತ್ತು: ಮೇಷ್ಟ್ರು ಸಾಯಿಸಿದ ಹೆಂಗಸರೆಲ್ಲ ಅದರ ದಂಡೆಯಲ್ಲಿ ಕೂತು, ನೀರಿಗೆ ಕಾಲು ಇಳಿಬಿಟ್ಟು, ಒಬ್ಬರ ತಲೆ ಒಬ್ಬರು ಬಾಚುತ್ತಾ ಏನೋ ಮಾತಾಡುತ್ತಿದ್ದಾರೆ, ನಗುತ್ತಿದ್ದಾರೆ. ಏನು ಮಾತಾಡಿದರು ಅನ್ನೋದು ಎಚ್ಚರವಾದರೆ ನೆನಪಿರುತ್ತಿರಲಿಲ್ಲ.

ಹಾಗಿರುವಾಗ ಪಂಕಜಾಕ್ಷಿ ಬಂದಳು. ಖಜಾನೆ ಗುಮಾಸ್ತರು ರುದ್ರಾರಾಧ್ಯರ ಹೆಂಡತಿ, ಒಂದು ಹೆಣ್ಣುಮಗುವಿನ ತಾಯಿ. ಹೈಸ್ಕೂಲಿನಲ್ಲಿ ಪಾತ್ರ ಮಾಡಿದ್ದ ಹುಚ್ಚು ಅವಳನ್ನು ಬಿಟ್ಟಿರಲಿಲ್ಲ. ಆರಾಧ್ಯರು ಒಪ್ಪಿದ್ದು ಒಂದು ಶರತ್ತಿನ ಮೇಲೆ. ತಾಲೀಮಿರಲಿ, ನಾಟಕವಿರಲಿ, ತಾವು ಜೊತೆಗಿರಬೇಕು. ಬಂದು ಮೂಲೆಯಲ್ಲಿ ಕೈಕಟ್ಟಿ ಕೂರುತ್ತಿದ್ದರು. ಎಲ್ಲರಿಗೂ ಇರುಸುಮುರುಸು. ಕೊನೆಗೆ ಮೇಷ್ಟ್ರೇ ಉಪಾಯ ಹೂಡಿದರು. "ಸುಮ್ನೆ ಕೂರೋ ಬದಲು ಬಾಗಿಲು ಹಿಡ್ಕೊಳ್ಳಿ ಆರಾಧ್ಯರೇ."

ಇದು ನಿಮಗೆ ತಿಳಿಯದ ಸಂಗತಿ. ನಾನು ಗೋಡೆಯಿಲ್ಲದ ಬಾಗಿಲು ನೋಡಿ, ಮುಟ್ಟಿದರೆ ಅಲ್ಲಾಡುತ್ತೇನೆ. ಅದಕ್ಕೇ ಸಭೆಗೆ ಕಾಣದ ಹಾಗೆ ಒಬ್ಬರು ಹಿಂದೆ ನಿಂತು ಭುಜ ಕೊಟ್ಟು ಹಿಡಿದಿರಬೇಕು. ಗಂಡ ಬೀಗ ಜಡಿದ ಅಂದರೆ, ಕಬ್ಬಿಣದ ತುಂಡು ಕುಟ್ಟಿ ಸದ್ದು ಮಾಡೋರೂ ಅವರೇ. ಆರಾಧ್ಯರು ಖಜಾನೆ ಲೆಕ್ಕದಷ್ಟೇ ಶ್ರದ್ಧೆಯಿಂದ ಆ ಕೆಲಸ ಮಾಡಿದರು. ಮುಂದೆ ಪಂಕಜಾಕ್ಷಿ ಅಳುತ್ತಿದ್ದರೆ ಹಿಂದೆ ಅವರ ಎದೆ ಡವಡವ ಅನ್ನುವುದು ನನಗೆ ತಿಳಿಯುತ್ತಿತ್ತು. ಇಬ್ಬರ ನಡುವೆ ನಾನೊಬ್ಬನೇ.

ಆ ವರ್ಷದ ನಾಟಕದಲ್ಲಿ ಹೆಂಡತಿಗೆ ಟೀಚರ್ ಕೆಲಸ ಸಿಗುತ್ತದೆ. ಸೇರಬೇಕಾದ ದಿನ ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಅವಳು ಬಾಗಿಲು ಬಡಿದು ಬಡಿದು, ಕೊನೆಗೆ ಕಪಾಟಿನಲ್ಲಿದ್ದ ತಿಗಣೆ ಔಷಧಿ ಕುಡಿಯುತ್ತಾಳೆ. ಗಂಡನ ಪಾತ್ರಕ್ಕೆ ಈಗ ಸೀನಪ್ಪ, ಮೀಸೆ ಮತ್ತೆ ಬೆಳೆಸಿದ್ದ. ಮೊದಲು ನಮ್ಮೂರಲ್ಲಿ, ಮುಂದಿನ ವಾರ ತಿಪಟೂರಿನಲ್ಲಿ ಪ್ರಯೋಗ.

ನಮ್ಮೂರ ಪ್ರಯೋಗದ ಮಧ್ಯಾಹ್ನ ಗ್ರೀನ್ ರೂಮಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ನಾನು ಗೋಡೆಗೊರಗಿದ್ದೆ.

"ಇದೇ ಕೊನೆ ಪಂಕಜ. ತಿಪಟೂರಿಗೆ ಬೇಡ," ಅಂದರು ಆರಾಧ್ಯರು. "ಊರಿಂದ ಅಣ್ಣ ಬಂದಿದ್ದ. ಮನೆ ಸೊಸೆ ಸ್ಟೇಜ್ ಮೇಲೆ ಇನ್ಯಾರದೋ ಹೆಂಡ್ತಿ ಆಗೋದೇನೋ ಅಂತ ಕೇಳ್ದ. ನಂಗೆ ತಲೆ ಎತ್ತೋಕಾಗ್ಲಿಲ್ಲ."

"ನಿಮಗೇನನ್ಸುತ್ತೆ, ಅದು ಹೇಳಿ."

"ನಂಗನ್ಸೋದು ಏನ್ಬಂತು. ಸಾಕು ಅಂದ್ರೆ ಸಾಕು."

"ಬೇಡ ಅನ್ಬೇಡಿ ರೀ. ನಾನು ಇನ್ನೇನೂ ಕೇಳಿಲ್ಲ ನಿಮ್ಮನ್ನ."

ಆರಾಧ್ಯರು ಕಬ್ಬಿಣದ ತುಂಡು ಎತ್ತಿಕೊಂಡು ಹೊರಗೆ ಹೋದರು. ಅವಳು ಕನ್ನಡಿ ಮುಂದೆ ಕೂತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳತೊಡಗಿದಳು. ನಾಟಕ ಬಿಟ್ಟರೆ ಆ ಹೆಣ್ಣಿಗೆ ತನ್ನದು ಅಂತ ಇನ್ನೊಂದಿರಲಿಲ್ಲ. ಏನಾದರೂ ಹೇಳೋಣವೆಂದರೆ ಬಾಯಿಲ್ಲದ ಬಾಳು ನನ್ನದು.

ಸಂಜೆ ಸಭಾಭವನ ತುಂಬಿತ್ತು. ಕೊನೆಯ ದೃಶ್ಯ. ಸೀನಪ್ಪ ಹೊರಟುಹೋದ, ಬೀಗದ ಸದ್ದಾಯಿತು, ಆರಾಧ್ಯರ ಭುಜ ನನಗೆ ಒತ್ತಿತು. ಪಂಕಜಾಕ್ಷಿ ಎರಡೂ ಕೈಯಿಂದ ಬಡಿದಳು. ಬಾಗಿಲು ತೆಗೀರಿ, ಬಾಗಿಲು ತೆಗೀರಿ. ಅಷ್ಟು ಮೇಷ್ಟ್ರು ಬರೆದದ್ದು. ಆಮೇಲೆ ಅವಳು ನನ್ನ ಮೇಲೆ ಕೆನ್ನೆಯಿಟ್ಟು, ಬರೆಯದೇ ಇದ್ದ ಮಾತು ಹೇಳಿದಳು. "ನಾನೆಲ್ಲಿಗೂ ಓಡಿಹೋಗಲ್ಲ. ಸಂಜೆಗೆ ಬಂದುಬಿಡ್ತೀನಿ. ಬಂದು ಸಾರು ನಾನೇ ಮಾಡ್ತೀನಿ. ಒಂದು ಸಲ ತೆಗೀರಿ."

ಹಿಂದಿನ ಭುಜ ಸಡಿಲವಾಯಿತು. ದೇವರಾಣೆ ಹೇಳುತ್ತೇನೆ, ನಾನಾಗಿ ತೆರೆದುಕೊಳ್ಳಲಿಲ್ಲ. ಆರಾಧ್ಯರೇ ನನ್ನನ್ನು ಎಳೆದರು.

ತೆರೆಯಲೇಬಾರದ ಬಾಗಿಲು ತೆರೆದಿತ್ತು. ಸಭೆಗೆ ಕಂಡದ್ದು ಹಿಂದಿನ ಕತ್ತಲೆ ಮಾತ್ರ. ಅವಳಿಗೆ ಕಂಡದ್ದು ಹೆಗಲ ಮೇಲೆ ಟವಲ್ಲು, ಒದ್ದೆಯಾದ ಕಣ್ಣು, ತನ್ನ ಗಂಡ. ಪಕ್ಕದಲ್ಲಿ ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು, ನಾಟಕ ಎಕ್ಕುಟ್ಟಿಹೋಯಿತು ಅಂತ. ಪಂಕಜಾಕ್ಷಿ ಅವರ ಮುಖ ನೋಡಿದಳು. ಆಮೇಲೆ ಕೈ ಚಾಚಿ ನನ್ನನ್ನು ಮೆಲ್ಲಗೆ ಎಳೆದುಕೊಂಡು, ತಾನೇ ಮುಚ್ಚಿದಳು. ಕಪಾಟಿನ ಹತ್ತಿರ ಹೋಗಿ ಸೀಸೆ ಎತ್ತಿದಳು.

ಪರದೆ ಬಿತ್ತು. ಆಮೇಲೆ ಬಿದ್ದವು ನೋಡಿ ಚಪ್ಪಾಳೆ. ಎಂಥಾ ಅಂತ್ಯ ಮೇಷ್ಟ್ರೇ ಅಂತ ಜನ ಬಂದು ಕೈ ಹಿಡಿದರೆ, ಮೇಷ್ಟ್ರು ಗಂಟಲು ಸರಿಮಾಡಿಕೊಂಡು "ಹ್ಞೂಂ, ಕೊನೇ ಗಳಿಗೇಲಿ ಹೊಳೀತು" ಅಂದರು.

ಗ್ರೀನ್ ರೂಮಿನಲ್ಲಿ ಆರಾಧ್ಯರು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. "ತಡೆಯೋಕಾಗ್ಲಿಲ್ಲ ಕಣೆ. ನೀನು ಹಾಗೆ ಕೇಳ್ತಿದ್ರೆ ಹೇಗೆ ಹಿಡ್ಕೊಂಡಿರ್ಲಿ?"

"ಕೇಳಿದ್ದು ಮೇಷ್ಟ್ರು ಬರೆದ ಹೆಂಗಸು. ಅವಳಿಗೆ ತೆಗೆದ್ರಿ," ಅಂದಳು ಪಂಕಜಾಕ್ಷಿ. "ಮಧ್ಯಾಹ್ನ ಇದೇ ಜಾಗದಲ್ಲಿ ನಾನು ಕೇಳಿದ್ದೆ."

ಅವರು ಈ ಕಡೆ ತಿರುಗಿ, "ಮತ್ತೆ ನೀನ್ಯಾಕೆ ಮುಚ್ಚಿದೆ?" ಅಂದರು.

"ಪಾತ್ರ ಮುಗಿಸ್ಬೇಕಿತ್ತು. ಅದು ನನ್ನ ಕೆಲಸ."

ತಿಪಟೂರಿಗೆ ಅವಳು ಬಸ್ಸಿನಲ್ಲಿ ಒಬ್ಬಳೇ ಬಂದಳು. ಆರಾಧ್ಯರು ಹೋಗು ಅನ್ನಲಿಲ್ಲವಂತೆ, ಬೇಡ ಅಂತಲೂ ಅನ್ನಲಿಲ್ಲವಂತೆ, ಮಗುವಿನ ಜೊತೆ ಮನೆಯಲ್ಲಿ ಉಳಿದರಂತೆ. ಸೀನಪ್ಪ ನನ್ನ ಹಿಂದೆ ನಿಲ್ಲಲು ಹೊರಟರೆ, "ಬೇಡ ಸೀನಪ್ಪಣ್ಣ, ನಾನೇ ನೋಡ್ಕೋತೀನಿ" ಅಂದಳು. ಅವತ್ತು ಎಡಗೈಯಲ್ಲಿ ನನ್ನ ಹಿಡಿ ಬಿಗಿಹಿಡಿದು ಬಲಗೈಯಲ್ಲಿ ಬಡಿದಳು. ಬಡಿಯುವ ಕೈಯೂ ಅವಳದೇ, ಹಿಡಿಯುವ ಕೈಯೂ ಅವಳದೇ. ನಾನು ಒಂದಿಷ್ಟೂ ಅಲ್ಲಾಡಲಿಲ್ಲ. ಆಮೇಲೆ ಅವಳು ಎಷ್ಟೋ ವರ್ಷ ಪಾತ್ರ ಮಾಡಿದಳು, ಆರಾಧ್ಯರ ಅಣ್ಣನ ಮನೆಯವರು ಮಾತು ಬಿಟ್ಟರು.

ಈಗ ನಾನು ಮುದುಕ. ಗೋಣಿ ಹರಿದಿದೆ, ಬಣ್ಣ ಹೊಪ್ಪಳಿಕೆ ಎದ್ದಿದೆ. ಸಭಾಭವನ ರಿಪೇರಿ ಅಂತ ಹಳೇ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹಾಕಿದ್ದಾರೆ. ಬಿಸಿಲಿಗೆ ಕಣ್ಣು ಎಳೆಯುತ್ತದೆ. ತೂಕಡಿಸುತ್ತಾ ಯೋಚಿಸುತ್ತೇನೆ, ಬಾಗಿಲು ತೆಗೆದರೆ ಹೆಂಗಸು ಮುಂದೇನು ಮಾಡುತ್ತಾಳೆ ಅಂತ ಮೇಷ್ಟ್ರಿಗೆ ತಿಳಿದಿರಲಿಲ್ಲವೇನೋ, ಅದಕ್ಕೇ ಎಲ್ಲರನ್ನೂ ಸಾಯಿಸುತ್ತಿದ್ದರೇನೋ.

ಮೊನ್ನೆ ಸಾಮಾನು ಸಾಗಿಸುವ ಮೊದಲು ಒಂದು ಸಲ ನೋಡಬೇಕು ಅಂತ ಇಬ್ಬರೂ ಬಂದಿದ್ದರು. ಅವಳ ತಲೆ ಪೂರಾ ಬೆಳ್ಳಗಾಗಿದೆ. ಆರಾಧ್ಯರು ಕೋಲೂರಿಕೊಂಡು ಬಂದು, ಬಗ್ಗಿ ನನ್ನ ಚೌಕಟ್ಟು ಸವರಿದರು.

"ಅವತ್ತು ನಾನು ತೆಗೀಬಾರದಿತ್ತು ಪಂಕಜ. ನಿನ್ನ ನಾಟಕ ಹಾಳು ಮಾಡ್ಬಿಡ್ತಿದ್ದೆ."

"ತೆಗೆದಿದ್ದಕ್ಕೇ ಇನ್ನೂ ನಿಮ್ಮ ಜೊತೆ ಇದೀನಿ," ಅಂದಳು ಅವಳು.

ಆರಾಧ್ಯರು ಕೋಲೂರಿ ನೆಟ್ಟಗಾದರು. ಇಬ್ಬರೂ ನಿಧಾನಕ್ಕೆ ನಡೆದುಕೊಂಡು ಎದುರಿನ ಹೋಟ್ಲಿಗೆ ಕಾಫಿ ಕುಡಿಯಲು ಹೋದರು.