ತೆರೆಯ ಮೇಲೆ ಬಂದ ರೆಮ್ ಸಾಲು

ನೇಕಾರರ ಪೆನ್‌ಡ್ರೈವ್‌ಗೆ ಸೀರೆಯ ಡಿಸೈನ್ ತುಂಬಿಸಲು ನಾನೇ ಬರೆದ ಬ್ಯಾಚ್ ಫೈಲೊಂದಿದೆ; ಕಂಪ್ಯೂಟರ್ ಒಂದರ ಹಿಂದೊಂದು ಪಾಲಿಸುವ ಆಜ್ಞೆಗಳ ಪಟ್ಟಿ. ಅದರಲ್ಲಿ ರೆಮ್ ಎಂದು ಶುರುವಾಗುವ ಸಾಲನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನನಗೆ ನಾನೇ ಬರೆದುಕೊಂಡ ಟಿಪ್ಪಣಿ. ಮೊಳಕಾಲ್ಮೂರಿನ ಈ ಅಂಗಡಿಯಲ್ಲಿ ಹತ್ತು ವರ್ಷ ಕೂತು ಬೇಸತ್ತ ನಾನು, ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಅಲ್ಲಿ ಬರೆದಿಟ್ಟಿದ್ದೆ.

ನಿನ್ನೆ ಫೈಲು ಓಡುತ್ತ ಅರ್ಧದಲ್ಲಿ ಎಲ್ಲಿ ನಿಲ್ಲುತ್ತಿದೆಯೆಂದು ನೋಡಲು ಮೊದಲಿನ 'ಎಕೋ ಆಫ್' ಸಾಲನ್ನು ತೆಗೆದಿದ್ದೆ. ಮತ್ತೆ ಹಾಕಲು ಮರೆತೆ. ಅದಿಲ್ಲದಿದ್ದರೆ ರೆಮ್ ಸಾಲುಗಳೂ ತೆರೆಯ ಮೇಲೆ ಮೂಡುತ್ತವೆ.

ಇವತ್ತು ನೇಯುವ ದುರುಗಕ್ಕ ಬಂದು ಎಂದಿನಂತೆ ನನ್ನ ಬಲಕ್ಕಿದ್ದ ಕುರ್ಚಿಯಲ್ಲಿ ಕೂತರು. ಫೈಲು ಓಡಿಸಿದೆ. ಇಂಗ್ಲಿಷ್ ಅಕ್ಷರದಲ್ಲಿದ್ದ ನನ್ನ ಕನ್ನಡವನ್ನು, ವಾಟ್ಸಾಪ್ ಓದಿ ಪಳಗಿದ ಆಕೆ ಬೆರಳಿಟ್ಟು ಓದಿದರು: "ದುರುಗಕ್ಕನಿಗೆ ಒಂದೇ ಮಾತು ಮೂರು ಸಲ ಹೇಳಬೇಕು. ಸಾಕಾಗಿದೆ."

"ತಪ್ಪಾಯ್ತು ದುರುಗಕ್ಕ," ಎಂದೆ. ನೆಪ ಹುಡುಕುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

"ನನ್ ಎಡಗಿವಿ ಕೇಳಲ್ಲ ಅಂತ ನಾನೂ ನಿಂಗೆ ಮೂರು ಸಲ ಹೇಳೀನಿ, ಮೆಹಜಬೀನ್," ಎನ್ನುತ್ತ ಆಕೆ ಎದ್ದು, ಕುರ್ಚಿಯನ್ನು ನನ್ನ ಎಡಕ್ಕೆ ಎಳೆದುಕೊಂಡು ಕೂತರು.