ಹಗ್ಗ ಬಿಚ್ಚುವಾಗ ಹೇಳುವ ಮಾತು

ಅಜ್ಜಿ ಎಲ್ಲರಿಗೂ ಬಹುವಚನ ಕೊಡುತ್ತಿದ್ದಳು. ನನಗೆ "ಎದ್ದೇಳಿ, ಮುಖ ತೊಳ್ಕೊಳ್ಳಿ" ಅನ್ನುವಳು. ಒಲೆಯ ಮುಂದೆ ಮೈಚಾಚಿದ ಬೆಕ್ಕಿಗೂ "ಸ್ವಲ್ಪ ಆಚೆ ಸರೀರಿ" ಅನ್ನುವಳು. ಈ ಊರಿನ ಮಾತನ್ನು ಅವಳು ಕಲಿತದ್ದು ದೊಡ್ಡ ಕೊಟ್ಟಿಗೆಯ ಯಜಮಾನರ ಅಂಗಳದಲ್ಲಿ, ಕೈಕಟ್ಟಿ ನಿಂತು. ಅಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು. ಬೇರೆ ತರಹವೂ ಮಾತಾಡಬಹುದೆಂದು ತಿಳಿಯುವ ಹೊತ್ತಿಗೆ ನಾಲಿಗೆಯಲ್ಲಿ ಅದೇ ಕೂತುಬಿಟ್ಟಿತ್ತು. ಯಾರಾದರೂ ನಕ್ಕರೆ, "ಕೊಂಬು ಬಾಗಿದ್ಮೇಲೆ ನೆಟ್ಟಗೆ ಮಾಡಕ್ಕಾಗತ್ತಾ? ಬಿಡಿ" ಎಂದು ತಾನೂ ನಗುತ್ತಿದ್ದಳು.

ಅವಳ ಸ್ವಂತ ಮಾತು ಬೇರೆಯಿತ್ತು. ಅದನ್ನು ಆಡುತ್ತಿದ್ದದ್ದು ಹಸುಗಳ ಜೊತೆ ಮಾತ್ರ.

ಗಡಿಯಾಚೆಯ ಬೆಟ್ಟದ ಹಳ್ಳಿಯಿಂದ, ಸುರಂಗ ಕೊರೆಯುವ ಕೂಲಿಗೆಂದು ಹೊರಟ ಗಂಡನ ಬೆನ್ನಿಗೆ ಬಂದವಳು ಅವಳು. ಸುರಂಗ ಮುಗಿಯಿತು. ಅದರ ಧೂಳು ತಾತನ ಎದೆಯಲ್ಲಿ ಉಳಿಯಿತು, ಆ ಚಳಿಗಾಲ ಅವನು ದಾಟಲಿಲ್ಲ. ಜೊತೆಯವರು ಗಂಟು ಕಟ್ಟಿ ಮುಂದಿನ ಕೆಲಸಕ್ಕೆ ಹೊರಟಾಗ ಅಜ್ಜಿ ಕೂಸನ್ನೆತ್ತಿಕೊಂಡು ದಾರಿಯಲ್ಲೇ ನಿಂತಳಂತೆ. "ಅವರು ಇಲ್ಲೇ ಮಣ್ಣಲ್ಲಿ ಮಲಗಿರೋವಾಗ ನಾನೆಲ್ಲಿಗೆ ಹೋಗಲಿ?" ಅಂದಳಂತೆ. ಯಜಮಾನರ ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಸೇರಿದಳು. ಒದೆಯುವ ಹಸುವೊಂದನ್ನು ಯಾರಿಂದಲೂ ಕರೆಯಲಾಗದೆ ಇದ್ದ ದಿನ, ಇವಳು ಅದರ ಪಕ್ಕೆಗೆ ಹಣೆಯೊತ್ತಿ ಏನೋ ಹೇಳಿದಳು, ಅದು ಸೊರಬಿಟ್ಟು ಹಾಲಿಳಿಸಿತು. ಅಂದಿನಿಂದ ಕರೆಯುವ ಕೆಲಸ ಅವಳದಾಯಿತು. ಯಜಮಾನರು ವಯಸ್ಸಾಗಿ ಕೊಟ್ಟಿಗೆ ಮುಚ್ಚಿದಾಗ ಒಂದು ಕಡಸನ್ನು ಅವಳ ಕೈಗೇ ಹಗ್ಗ ಸಮೇತ ಕೊಟ್ಟರು. ನಮ್ಮ ಈಗಿನ ಹಸುಗಳೆಲ್ಲ ಆ ಕಡಸಿನ ಸಂತಾನವೇ.

ಅಮ್ಮನಿಗೆ ಅಜ್ಜಿಯ ಮಾತು ಬರುವುದಿಲ್ಲ. ಎಳವೆಯಲ್ಲಿ ಬರುತ್ತಿತ್ತಂತೆ. ಶಾಲೆಗೆ ಸೇರಿದ ಹೊಸತರಲ್ಲಿ ಮಕ್ಕಳು ಸುತ್ತ ನಿಂತು ಅಣಕಿಸಿದರು, ಅಮ್ಮ ಅಳುತ್ತ ಮನೆಗೆ ಬಂದಳು. ಅಜ್ಜಿ ಅವಳ ಮೂಗೊರೆಸಿ, "ಒಂದು ಬಾಯಿಗೆ ಒಂದು ಮಾತು ಸಾಕು" ಅಂದಳು. ಆಮೇಲೆ ತನ್ನ ಮಾತನ್ನು ಕೊಟ್ಟಿಗೆಯ ಬಾಗಿಲು ದಾಟಿಸಲಿಲ್ಲ. ಅಮ್ಮ ದೊಡ್ಡವಳಾಗಿ ಪೇಟೆಯ ನೂಲಿನ ಗಿರಣಿಗೆ ಹೋದಳು; ಸಗಣಿಯ ವಾಸನೆ ಅವಳಿಗೆ ಆಗದು. ಅವಳು ಗಿರಣಿಯಲ್ಲಿದ್ದಾಗ ನಾನು ಬೆಳೆದದ್ದು ಅಜ್ಜಿಯ ಜೊತೆ, ಹಸುವಿನ ಹೊಟ್ಟೆಯ ಪಕ್ಕದ ಗಿಡ್ಡ ಮಣೆಯ ಮೇಲೆ.

ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಅಜ್ಜಿ ಹಾಲು ಕರೆಯಲು ಕಲಿಸಿದಳು. ಜೊತೆಗೇ ಆ ಮಾತುಗಳು ಬಂದವು. ಹಸುವಿಗೆ ಬಾ ಎನ್ನುವುದಕ್ಕೊಂದು, ನಿಲ್ಲಿಸುವುದಕ್ಕೊಂದು, ಕಾಲು ಹಿಂದಿಡಿಸುವುದಕ್ಕೊಂದು, ಬೆದರಿದರೆ ಸಮಾಧಾನಕ್ಕೊಂದು, ಸೊರಬಿಡಿಸುವುದಕ್ಕೊಂದು. ಎಲ್ಲ ಮುಗಿದು ಹಗ್ಗ ಬಿಚ್ಚಿ ಹೋಗಲು ಬಿಡುವಾಗ ಕೊನೆಯದೊಂದು. ನಾನು ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. ಸರಿಯಾದದ್ದನ್ನು ತಾನೇ ಇನ್ನೊಮ್ಮೆ ಹೇಳುವಳು, ನಾನು ಸರಿಯಾಗಿ ಹೇಳುವತನಕ ಕಾಯುವಳು, ಅಷ್ಟೇ.

"ಅಜ್ಜಿ, ಊಟಕ್ಕೆ ನಿಮ್ಮ ಮಾತಲ್ಲಿ ಏನಂತಾರೆ?" ಎಂದು ಒಮ್ಮೆ ಕೇಳಿದ್ದೆ.

"ಊಟಕ್ಕೆ ಊಟ ಅಂತಾರೆ. ಸುಮ್ನೆ ಕರೀರಿ, ಕೆಚ್ಚಲು ಬಿಗೀತಾ ಇದೆ."

ಒಂದು ವರ್ಷ ಹಾಲಿನ ವ್ಯಾನಿನ ಡ್ರೈವರ್ ನಮ್ಮಿಂದ ಒಂದು ಹಸು ಕೊಂಡು ಹೋದ. ವಾರವಾಗುವುದರೊಳಗೆ ತೊಡೆಯ ಮೇಲೆ ಗೊರಸಿನ ಗುರುತು ತೋರಿಸುತ್ತ ಅಂಗಳದಲ್ಲಿ ನಿಂತಿದ್ದ.

"ಅಜ್ಜಿ, ನಿಮ್ಮ ಹಸು ನನ್ನ ಮಾತು ಕೇಳ್ತಾನೇ ಇಲ್ಲ."

"ನಿಮ್ಮ ಹೆಂಡ್ತಿ ಕೇಳ್ತಾರಾ?"

"ಅವಳೆಲ್ಲಿ ಕೇಳ್ತಾಳೆ!"

"ಮತ್ತೆ ಪಾಪ, ಹಸೂನ ಯಾಕೆ ಬೈತೀರಿ?"

ತಪ್ಪು ನಮ್ಮದೇ ಆಗಿತ್ತು. ಹಸು ಕೊಟ್ಟಿದ್ದೆವು, ಅದಕ್ಕೆ ತಿಳಿಯುವ ಮಾತು ಕೊಟ್ಟಿರಲಿಲ್ಲ. ಅಜ್ಜಿ ಅವನನ್ನು ಮಣೆಯ ಮೇಲೆ ಕೂರಿಸಿ ಹೇಳಿಕೊಟ್ಟಳು. ಅಷ್ಟು ದೊಡ್ಡ ಮೀಸೆಯ ಆಳು ಶಾಲೆಯ ಹುಡುಗನಂತೆ ಒಪ್ಪಿಸುತ್ತಿದ್ದರೆ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮೊಣಕಾಲು ಸೋತ ಮೇಲೆ ಅಜ್ಜಿ ಕೊಟ್ಟಿಗೆಗೆ ಬರುವುದು ನಿಂತಿತು. ನಾನು ಕರೆಯುತ್ತಿದ್ದೆ, ಅವಳು ಗೋಡೆಯಾಚೆ ಮಂಚದಲ್ಲಿ ಮಲಗಿ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳುತ್ತಿದ್ದಳು. "ಇವತ್ತು ಅವಸರ ಮಾಡಿದ್ರಿ" ಎಂದು ಅಲ್ಲಿಂದಲೇ ಹೇಳುವಳು. ಹೆಚ್ಚಿನ ದಿನ ನಿಜವಿರುತ್ತಿತ್ತು.

ಈ ಸಲದ ಜ್ವರ ಇಳಿದಾಗ ಅವಳಲ್ಲಿ ನಮ್ಮ ಮಾತು ಉಳಿದಿರಲಿಲ್ಲ. ಬೆಳಗ್ಗೆ ಅಮ್ಮ ಗಂಜಿ ಹಿಡಿದು ಹೋದರೆ, ಅವಳ ಕೈಹಿಡಿದು ಉದ್ದಕ್ಕೆ ಏನೋ ಹೇಳಿದಳು. ದನಿ ಅವಳದೇ, ಒಂದು ಪದವೂ ನಮ್ಮದಲ್ಲ. ಅಮ್ಮ ನೀರು ಕೊಟ್ಟಳು, ಬೇಡ. ಹೊದಿಕೆ ಸರಿಮಾಡಿದಳು, ಅದೂ ಅಲ್ಲ. ಅಜ್ಜಿ ಮತ್ತೆ ಮತ್ತೆ ಕೇಳಿದಳು. ಉತ್ತರ ಬಾರದಿದ್ದಾಗ, ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ನಮ್ಮ ಮುಖಗಳನ್ನು ನೋಡಿದಳು.

"ನನ್ನ ಹೆತ್ತೋಳು ಏನ್ ಕೇಳ್ತಿದಾಳೆ ಅಂತ ನಂಗೇ ಗೊತ್ತಾಗ್ತಿಲ್ವಲ್ಲೇ" ಎಂದು ಅಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ಅತ್ತಳು.

ಪೇಟೆಯಲ್ಲಿ ಗಡಿಯಾಚೆಯಿಂದ ಬಂದ ಮುದುಕ ದರ್ಜಿಯೊಬ್ಬನಿದ್ದ. ಅವನನ್ನು ವ್ಯಾನಿನ ಡ್ರೈವರೇ ಕೂರಿಸಿಕೊಂಡು ಬಂದ. ದರ್ಜಿ ಕನ್ನಡಕ ತೆಗೆದು, ಮಂಚದ ಹತ್ತಿರ ಬಗ್ಗಿ ಬಹಳ ಹೊತ್ತು ಕೇಳಿಸಿಕೊಂಡ. ತನ್ನ ಮಾತಿನಲ್ಲಿ ಏನೋ ಕೇಳಿದ. ಅಜ್ಜಿ ಅವನನ್ನೂ ಹಾಗೇ ನೋಡಿದಳು.

"ಇದು ನಮ್ಮ ಮಾತಲ್ಲಮ್ಮ. ಇದು ಬೆಟ್ಟದ ಮೇಲಿನವರದ್ದು. ನಮ್ಮಜ್ಜ ಅವರ ಜೊತೆ ಉಣ್ಣೆ ವ್ಯಾಪಾರ ಮಾಡ್ತಿದ್ದ. ನನಗೆ ಒಂದಕ್ಷರ ಬರಲ್ಲ." ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಅಂದ, "ಆ ಕಡೆಯವರು ಈಗ ಎಲ್ಲಿದಾರೋ. ಹುಡುಕಬೇಡಿ."

ಅಂದಿನಿಂದ ಅಜ್ಜಿ ಕೇಳುವುದನ್ನೂ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಸಾಯುವುದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮನೆ ತುಂಬ ನಾವಿದ್ದೂ ಯಾರೂ ಇಲ್ಲದವಳಂತೆ ಸಾಯುತ್ತಾಳಲ್ಲ, ಅದನ್ನು ನನ್ನಿಂದ ತಾಳಲಾಗುತ್ತಿರಲಿಲ್ಲ.

ಒಂದು ಸಂಜೆ ಕೆಂದಹಸು ಬೆದರಿತು. ಏನು ಕಂಡಿತೋ, ಬಕೆಟ್ಟು ಉರುಳಿಸಿತು. ನಾನು ಅದರ ಪಕ್ಕೆಗೆ ಹಣೆಯೊತ್ತಿ ಸಮಾಧಾನದ ಮಾತನ್ನು ಜೋರಾಗಿಯೇ ಹೇಳಿದೆ. ಗೋಡೆಯಾಚೆಯಿಂದ ಅಮ್ಮ ಕೂಗಿದಳು.

"ಏನೇ ಅಂದೆ ನೀನು? ಅಮ್ಮ ಕಣ್ಣು ಬಿಟ್ಲು. ಬಾರೇ ಇಲ್ಲಿ!"

ಕೈಯೊರೆಸಿಕೊಳ್ಳದೆ ಓಡಿದೆ. ಅಜ್ಜಿ ಈ ಕಡೆ ಹೊರಳಿದ್ದಳು. ಮಂಚದ ಪಕ್ಕ ಕೂತು ಅವಳ ಹೆಗಲಿಗೆ ಹಣೆಯಿಟ್ಟೆ, ಬೇರೆ ಹೇಗೆ ಹೇಳುವುದೋ ಗೊತ್ತಿರಲಿಲ್ಲ. ಅದೇ ಮಾತನ್ನು ಮತ್ತೆ ಹೇಳಿದೆ. ಅವಳ ಉಸಿರು ತಗ್ಗಿತು. ಹಾಲು ಅಂಟಿದ ನನ್ನ ಬೆರಳುಗಳನ್ನು ಮುಖಕ್ಕೆ ಎಳೆದುಕೊಂಡಳು. ನನ್ನಲ್ಲಿದ್ದದ್ದು ಆ ಹಸುವಿನ ಮಾತುಗಳೇ. ಬಾ ಎಂದೆ, ನಿಲ್ಲು ಎಂದೆ, ಹೆದರಬೇಡ ಎಂದೆ, ಸೊರಬಿಡು ತಾಯಿ ಎಂದೆ. ಒಂದೊಂದಕ್ಕೂ ಅವಳು ಹ್ಞೂಂಗುಟ್ಟಿದಳು.

"ಇಷ್ಟೇನಾ?" ಅಮ್ಮ ಪಿಸುಗುಟ್ಟಿದಳು. "ಇನ್ನಿಲ್ವಾ?"

"ಒಂದಿದೆ."

"ಹೇಳು ಮತ್ತೆ."

"ಅದು ಹಗ್ಗ ಬಿಚ್ಚುವಾಗ ಹೇಳೋದು, ಅಮ್ಮ."

ಕೊಟ್ಟಿಗೆಯಲ್ಲಿ ಕೆಂದಹಸು ಅರ್ಧ ಕರೆಸಿಕೊಂಡೇ ನಿಂತಿತ್ತು, ಕರು ಕೂಗುತ್ತಿತ್ತು. ಅಜ್ಜಿ ಕಾಯುತ್ತಿದ್ದಳು. ಕರೆಯುವ ಕೆಲಸದಲ್ಲಿ ಯಾವ ಮಾತಾದ ಮೇಲೆ ಯಾವುದು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

"ನಂಗೆ ಹೇಳ್ಕೊಡು" ಅಂದಳು ಅಮ್ಮ.

ಅವಳ ಕಿವಿಯಲ್ಲಿ ಹೇಳಿದೆ. ಅಮ್ಮ ಮಂಚದ ಮೇಲೆ ಹತ್ತಿ ಕೂತು, ತನ್ನ ತಾಯಿಯ ತಲೆಯನ್ನು ತೊಡೆಗೆ ಎತ್ತಿಕೊಂಡಳು. ಶಾಲೆಯ ಆ ದಿನದ ನಂತರ ಮೊದಲ ಸಲ ಅಜ್ಜಿಯ ಮಾತಿನಲ್ಲಿ ಅಜ್ಜಿಗೊಂದು ಮಾತು ಹೇಳಿದಳು. ತಪ್ಪಾಗಿ ಹೇಳಿದಳು.

ಅಜ್ಜಿ ಬೈಯಲಿಲ್ಲ. ತುಟಿ ಅಲುಗಿಸಿ, ಸರಿಯಾದದ್ದನ್ನು ತಾನೇ ಇನ್ನೊಮ್ಮೆ ಹೇಳಿದಳು. ಹೇಳಿ, ಕಾದಳು.

ಅಮ್ಮ ಮತ್ತೆ ಹೇಳಿದಳು, ಈ ಸಲ ಸರಿಯಾಗಿ.